ಒಂದು ಪಾಪ ಕಮ್ಮಿ

ಗೋಪಾಲಣ್ಣ ತೀರಿಕೊಂಡ ಸುದ್ದಿ ಹಟ್ಟಿಗೆ ಮುಟ್ಟಿ ಅರ್ಧ ಗಂಟೆ ಆಗಿರಲಿಲ್ಲ, ಪಂಕಜಂ ನನ್ನ ಮನೆಯ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಮುಂಬಾಗಿಲು ತೆರೆದೇ ಇತ್ತು. ಅದನ್ನು ಬಿಟ್ಟು ಹಿತ್ತಲಿಗೆ ಯಾಕೆ ಬಂದಳು ಎಂದು ನನಗೆ ಆಗಲೇ ಗುಮಾನಿ. ಅನುಮಾನ ನನ್ನ ಹುಟ್ಟುಗುಣ. ದೇವರು ಪ್ರತ್ಯಕ್ಷವಾದರೂ ಈ ಮನುಷ್ಯ ಮೊದಲು ಯಾವ ಊರು ಅಂತ ಕೇಳುತ್ತಾನೆ ಎಂದು ನನ್ನ ಹೆಂಡತಿ ಬದುಕಿದ್ದಾಗ ಹೇಳುತ್ತಿದ್ದಳು.

"ಭಾವಾ, ಇವತ್ತು ಪಾಪ ಹೇಳೋದು ನೀವೇ ತಾನೆ?" ಅಂದಳು ಪಂಕಜಂ.

"ಮತ್ತೆ ಯಾರು? ಇಪ್ಪತ್ತಾರು ವರ್ಷದಿಂದ ನಾನೇ."

"ಕಲ್ಲಿನ ಸಾಲು ಬಂದಾಗ ಸ್ವಲ್ಪ ಗಟ್ಟಿಯಾಗಿ ಹೇಳಿ. ಅಷ್ಟು ಕೇಳೋಕೆ ಬಂದೆ."

ಇದು ಹೊರಗಿನವರಿಗೆ ಅರ್ಥವಾಗಬೇಕಾದರೆ ಸ್ವಲ್ಪ ಹೇಳಬೇಕು. ಕಟ್ಟಬೆಟ್ಟು ಪೇಟೆಯಿಂದ ಎರಡು ಮೈಲಿ ಮೇಲಿರುವ ನಮ್ಮ ಬಡಗರ ಹಟ್ಟಿಯಲ್ಲಿ ಯಾರೇ ಸತ್ತರೂ ಹೆಣವನ್ನು ಮಣ್ಣಿಗೆ ಒಯ್ಯುವ ಮುಂಚೆ ಬಯಲಲ್ಲಿ ಮಂಚದ ಮೇಲೆ ಇಡುತ್ತೇವೆ. ಹಿರಿಯನೊಬ್ಬ ತಲೆಯ ಬಳಿ ನಿಂತು ಮನುಷ್ಯ ಮಾಡಬಹುದಾದ ಪಾಪಗಳನ್ನೆಲ್ಲ ಒಂದೊಂದಾಗಿ ಹೇಳುತ್ತಾನೆ. ಹಾಲು ಬಿಡದ ಎಮ್ಮೆಗೆ ಹೊಡೆದಿದ್ದರೆ, ಹಸಿದು ಬಂದವನಿಗೆ ಒಲೆ ಆರಿದೆ ಅಂತ ಸುಳ್ಳು ಹೇಳಿದ್ದರೆ, ಹೀಗೆ. ಒಂದೊಂದು ಪಾಪಕ್ಕೂ ಸುತ್ತ ನಿಂತವರು "ಅದೂ ಪಾಪ, ಕಳೆಯಲಿ" ಅನ್ನುತ್ತಾರೆ. ಸತ್ತವನು ಆ ಪಾಪ ಮಾಡಿದ್ದ ಅಂತಲ್ಲ. ಮಾಡಿದ್ದರೆ ಕಳೆಯಲಿ ಅಂತ. ಆಚೆ ಲೋಕಕ್ಕೆ ನೂಲಿನ ಸೇತುವೆ ದಾಟಿ ಹೋಗಬೇಕು, ಹೊರೆ ಇದ್ದರೆ ನೂಲು ಹರಿಯುತ್ತದೆ ಅನ್ನುವುದು ನಮ್ಮ ನಂಬಿಕೆ. ಆ ಪಟ್ಟಿ ನನಗೆ ನನ್ನ ಅಪ್ಪನಿಂದ ಬಂದದ್ದು. ಒಟ್ಟು ನಲವತ್ತೊಂದು ಪಾಪ. ಕೂಲಿಯವನಿಗೂ ಅಷ್ಟೇ, ಎಸ್ಟೇಟ್ ಇದ್ದವನಿಗೂ ಅಷ್ಟೇ. ಅದರಲ್ಲಿ ಹದಿನೆಂಟನೆಯದು, "ಎಲ್ಲೆಯ ಕಲ್ಲು ಕಿತ್ತು ಸರಿಸಿದ್ದರೆ."

ಪಂಕಜಂಗೆ ಬೇಕಾಗಿದ್ದು ಅದು. ಯಾಕೆ ಅಂತ ಹಟ್ಟಿಯ ನಾಯಿಗೂ ಗೊತ್ತಿತ್ತು.

ಪಂಕಜಂಳ ಗಂಡ ನನಗೆ ವರಸೆಯಲ್ಲಿ ತಮ್ಮ. ಅವನು ಸತ್ತ ವರ್ಷ, ಅಂದರೆ ಹನ್ನೊಂದು ವರ್ಷದ ಹಿಂದೆ, ಅವಳ ಟೀ ತೋಟದ ಮೇಲಂಚಿನ ಎಲ್ಲೆಕಲ್ಲು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೆಳಗಿಳಿದಿತ್ತು. ಅರ್ಧ ಎಕರೆ ಹೋಯಿತು, ಅದರ ಜೊತೆ ಒಂದು ಒರತೆಯೂ ಹೋಯಿತು. ಆ ಕಡೆ ಗೋಪಾಲಣ್ಣನ ತೋಟ. ಪಂಕಜಂ ಹಟ್ಟಿಯ ಕೂಟಕ್ಕೆ ಬಂದು ಅತ್ತಳು, ಕೂಗಾಡಿದಳು. ಅವತ್ತು ಗೋಪಾಲಣ್ಣ ಏನೂ ಮಾತಾಡಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಶರಟು, ಹೆಗಲ ಮೇಲೆ ಹೊದ್ದ, ಮಡಿಕೆ ಕೆಡದ ಸೀಲೆ, ಕೈಯಲ್ಲಿ ಕೋಲು. ಅವರು ಕಟ್ಟಿಸಿಕೊಟ್ಟ ಸಮುದಾಯ ಭವನದಲ್ಲೇ ಕೂಟ ಕೂಡಿತ್ತು, ಅವರು ಕೊಡಿಸಿದ ಕುರ್ಚಿಗಳ ಮೇಲೇ ನಾವೆಲ್ಲ ಕೂತಿದ್ದೆವು. ಸುಮ್ಮನೆ ಒಂದು ಸಲ ನಕ್ಕರು. ಮಾತಾಡಿದವನು ನಾನು.

"ಗೋಪಾಲಣ್ಣನಿಗೆ ಇಪ್ಪತ್ತೆಕರೆ ಇದೆ ಪಂಕಜಂ. ನಿನ್ನ ನಾಲ್ಕು ಸಾಲು ಗಿಡ ತಗೊಂಡು ಅವರೇನು ಮಾಡ್ತಾರೆ?" ಅಂದೆ. ಎಲ್ಲರೂ ತಲೆ ಆಡಿಸಿದರು. ಇದ್ದವನು ಯಾಕೆ ಕದಿಯುತ್ತಾನೆ, ಇಲ್ಲದವಳು ಯಾಕೆ ಸುಳ್ಳು ಹೇಳುವುದಿಲ್ಲ? ಇದೇ ನಮ್ಮ ನ್ಯಾಯ. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರಲ್ಲ, ಆ ದಿನದಿಂದ ಪಂಕಜಂಗೆ ಜಗಳಗಂಟಿ ಅನ್ನುವ ಹೆಸರೂ ಅಂಟಿತು.

ಎಲ್ಲರನ್ನೂ ಅನುಮಾನಿಸುವ ನಾನು ಅವತ್ತು ಗೋಪಾಲಣ್ಣನನ್ನು ಮಾತ್ರ ಅನುಮಾನಿಸಲಿಲ್ಲ. ಮುಂದಿನ ವರ್ಷ ಆ ಒರತೆಯಿಂದ ಕಪ್ಪು ಪೈಪು ಎಳೆದು, ಅವರ ಮಗ ಪ್ರವೀಣ್‌ಕುಮಾರ್ ರಸ್ತೆ ಬದಿಯಲ್ಲಿ ಕಟ್ಟಿದ ಆರು ಕಾಟೇಜುಗಳಿಗೆ ನೀರು ಹೋಯಿತು. ಆಗಲೂ ನಾನು ಅನುಮಾನಿಸಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಈಗ ಹೊಸ ಎಲ್ಲೆಯ ಉದ್ದಕ್ಕೂ ಕಾಂಕ್ರೀಟ್ ಕಂಬಗಳನ್ನು ತಂದು ಇಳಿಸಿದ್ದರು. ಬೇಲಿ ನೆಟ್ಟರೆ ಮುಗಿಯಿತು, ಆಮೇಲೆ ಕೇಳುವವರಿಲ್ಲ.

"ಆ ಸಾಲನ್ನು ನಾನು ಎಲ್ಲರಿಗೂ ಹೇಳ್ತೀನಿ," ಅಂದೆ ಪಂಕಜಂಗೆ. "ನಿನ್ನ ಗಂಡನಿಗೂ ಹೇಳಿದ್ದೆ. ಗಟ್ಟಿಯಾಗಿ ಯಾಕೆ?"

"ಮುನ್ನೂರು ಜನ ಸೇರ್ತಾರೆ ಭಾವಾ. ಎಲ್ಲರ ಬಾಯಲ್ಲೂ ಒಂದೇ ಒಂದು ಸಲ ಅದು ಪಾಪ ಅಂತ ಬರಲಿ. ಗೋಪಾಲಣ್ಣನ ಮುಂದೆ ಬರಲಿ. ಹನ್ನೊಂದು ವರ್ಷದಿಂದ ನಾನೊಬ್ಬಳೇ ಹೇಳ್ತಿದ್ದೀನಿ."

ಹೆಣ ಮುಂದಿಟ್ಟುಕೊಂಡು ಹಳೇ ಜಗಳ ತೀರಿಸಿಕೊಳ್ಳುತ್ತಿದ್ದಾಳಾ ಎಂದು ಅನಿಸಿತು. ಆದರೂ ಹೇಗೂ ಹೇಳುವ ಸಾಲು, ನನ್ನ ಗಂಟೇನು ಹೋಗುತ್ತದೆ? "ಆಯ್ತು, ಹೇಳ್ತೀನಿ, ಹೋಗು," ಅಂದೆ. ಅವಳು ಬಂದ ದಾರಿಯಲ್ಲೇ ಹೋದಳು.

ಅವಳು ಹೋಗಿ ಸ್ವಲ್ಪ ಹೊತ್ತಿಗೆ ಬಿಳಿ ಕಾರು ಬಂದು ಅಂಗಳದಲ್ಲಿ ನಿಂತಿತು. ಪ್ರವೀಣ್‌ಕುಮಾರ್ ಇಳಿದ. ಅಪ್ಪನ ಹೆಣ ಇನ್ನೂ ಮನೆಯ ನಡುಕೋಣೆಯಲ್ಲಿದೆ, ಮಗ ನನ್ನ ಅಂಗಳದಲ್ಲಿದ್ದಾನೆ. ತನ್ನ ನಲವತ್ತೈದು ವರ್ಷದಲ್ಲಿ ಅವನು ನನ್ನ ಮನೆ ಹೊಸ್ತಿಲು ದಾಟಿದ್ದು ಅದೇ ಮೊದಲು. ವಯಸ್ಸಿನಲ್ಲಿ ನನಗೆ ಮಗನ ಸಮ, ವರಸೆಯಲ್ಲಿ ಅಣ್ಣನ ಮಗ, ಆದರೂ ನನ್ನ ಬಾಯಿಗೆ "ಬನ್ನಿ, ಕೂತ್ಕೊಳ್ಳಿ" ಎಂದೇ ಬಂತು. ಅದು ಅವನಿಗೆ ಕೊಟ್ಟ ಮರ್ಯಾದೆಯಲ್ಲ, ಕಾರಿಗೆ ಕೊಟ್ಟದ್ದು.

ಪ್ಲಾಸ್ಟಿಕ್ ಕುರ್ಚಿಯ ಧೂಳನ್ನು ನೋಡಿಯೂ ನೋಡದವನಂತೆ ಕೂತ. ಕಣ್ಣು ಕೆಂಪಾಗಿತ್ತು. ಅತ್ತದ್ದು ನಿಜವೇ ಇರಬೇಕು, ಅಷ್ಟು ಪಾಪಿ ನಾನಲ್ಲ ಅನುಮಾನಿಸೋಕೆ. ಟೀ ಕೊಟ್ಟರೆ ಲೋಟ ಖಾಲಿ ಮಾಡಿದ. ಅಲ್ಲಿಂದ ನನಗೆ ಭಯ ಶುರುವಾಯಿತು. ದೊಡ್ಡವರು ಬಡವನ ಮನೆಯಲ್ಲಿ ಟೀ ಪೂರ್ತಿ ಕುಡಿದರೆ ಏನೋ ಕೇಳುವುದಿದೆ ಎಂದೇ ಅರ್ಥ.

"ಚಿಕ್ಕಪ್ಪಾ, ಕೊಯಮತ್ತೂರಿನಿಂದ, ಚೆನ್ನೈಯಿಂದ ಎಲ್ಲ ಜನ ಬರ್ತಿದ್ದಾರೆ. ಬರೋಕಾಗದವರಿಗೆ ಫೋನಲ್ಲಿ ಲೈವ್ ತೋರಿಸ್ತೀವಿ. ಒಂದು ಮಾತೂ ತಪ್ಪಬಾರದು ಅಂತ ಪಾಪ ಹೇಳೋದನ್ನು ನೀಟಾಗಿ ಪ್ರಿಂಟ್ ಮಾಡಿಸಿದ್ದೀನಿ. ಇದನ್ನು ನೋಡಿಕೊಂಡು ಹೇಳಿಬಿಡಿ."

ಪ್ಲಾಸ್ಟಿಕ್ ಹೊದಿಕೆಯೊಳಗೆ ಎರಡು ಹಾಳೆ. ಮೂಲೆಯಲ್ಲಿ ಗೋಪಾಲಣ್ಣನ ಫೋಟೋ, ಸುತ್ತ ಹೂಬಳ್ಳಿ.

"ನನಗೆ ಬಾಯಿಪಾಠ ಬರುತ್ತಲ್ಲ," ಅಂದೆ.

"ಬರುತ್ತೆ, ಗೊತ್ತು. ಆದರೂ ಹಾಳೆ ನೋಡಿಯೇ ಹೇಳಿ. ಅದರಲ್ಲಿ ಇರೋಷ್ಟೇ ಸಾಕು." ಎದ್ದು ನಿಂತ. ಬಾಗಿಲ ತನಕ ಹೋಗಿ, ಆಗಷ್ಟೇ ನೆನಪಾದವನ ಹಾಗೆ ತಿರುಗಿದ. "ಜನನಿ ಪಾಠ ಚೆನ್ನಾಗಿ ಮಾಡ್ತಾಳಂತೆ. ಜೂನ್‌ನಲ್ಲಿ ಅವಳ ಕೆಲಸ ಪರ್ಮನೆಂಟ್ ಮಾಡಿಬಿಡೋಣ."

ಜನನಿ ನನ್ನ ಒಬ್ಬಳೇ ಮಗಳು. ಇವನು ನಡೆಸುವ ಖಾಸಗಿ ಶಾಲೆಯಲ್ಲಿ ಕಂಪ್ಯೂಟರ್ ಟೀಚರು. ನಾಲ್ಕು ವರ್ಷದಿಂದ ತಾತ್ಕಾಲಿಕ, ರಜೆ ಬಂದರೆ ಸಂಬಳವಿಲ್ಲ. ನಾಲ್ಕು ವರ್ಷ ನೆನಪಾಗದ ವಿಷಯ ಅಪ್ಪ ಸತ್ತ ಬೆಳಗ್ಗೆ ಇವನಿಗೆ ನೆನಪಾಗಿತ್ತು. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ.

ಕಾರು ತಿರುವು ದಾಟಿದ ಕೂಡಲೆ ಕನ್ನಡಕ ಹಾಕಿಕೊಂಡು ಎಣಿಸಿದೆ. ನಲವತ್ತು. ಮತ್ತೆ ಎಣಿಸಿದೆ, ನಲವತ್ತೇ. ಬೆರಳಿಟ್ಟುಕೊಂಡು ಒಂದೊಂದೇ ಸಾಲು ಹೇಳಿಕೊಂಡು ಬಂದೆ. ಎಮ್ಮೆ ಇದೆ, ಒಲೆ ಇದೆ, ಅಣ್ಣತಮ್ಮರ ನಡುವೆ ಚಾಡಿ ಹೇಳಿದ್ದು ಇದೆ. ಅದಾದ ಮೇಲೆ ನೇರವಾಗಿ, ಹರಿಯೋ ನೀರಿಗೆ ಉಗುಳಿದ್ದರೆ. ನಡುವೆ ಇರಬೇಕಾದ ಕಲ್ಲಿನ ಸಾಲು ಇಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದಿದ್ದಾರೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಇನ್ನೂ ಯಾರೂ ಕಳ್ಳ ಅಂತ ಅಂದೇ ಇರಲಿಲ್ಲ, ಇವನು ಮೊದಲೇ ಹೆಗಲು ಒರೆಸಿಕೊಂಡಿದ್ದ. ಪಂಕಜಂ ಹನ್ನೊಂದು ವರ್ಷ ಕೂಗಿದರೂ ನಂಬದ ನಾನು ಆ ಖಾಲಿ ಜಾಗ ನೋಡಿ ಒಂದು ನಿಮಿಷದಲ್ಲಿ ನಂಬಿದೆ.

ಮತ್ತೊಂದು ಗುಮಾನಿ ಆಗಲೇ ತಲೆ ಎತ್ತಿತ್ತು. ನನ್ನ ಪಟ್ಟಿ ಯಾವ ಪುಸ್ತಕದಲ್ಲೂ ಇಲ್ಲ. ನಮ್ಮಪ್ಪನ ಮಾತು, ಅವರ ಕ್ರಮ. ಇದು ಪ್ರವೀಣನಿಗೆ ಯಾರು ಕೊಟ್ಟರು?

ಜನನಿ ಒಳಗೆ ಬಿಳಿ ಸೀರೆ ಇಸ್ತ್ರಿ ಮಾಡುತ್ತಿದ್ದಳು. ಹಾಳೆಯನ್ನು ಮುಂದೆ ಹಿಡಿದೆ.

"ನೀನು ಟೈಪ್ ಮಾಡಿದ್ದಾ?"

ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. "ಹೋದ ತಿಂಗಳು ಸಾರ್ ಕೇಳಿದರು. ನಮ್ಮ ಸಂಪ್ರದಾಯ ಬರೆದಿಡಬೇಕು, ಶಾಲೆ ಸ್ಮರಣ ಸಂಚಿಕೆಗೆ ಅಂತ. ನೀವು ಹೇಳಿದ್ದು ನನ್ನ ಫೋನಲ್ಲಿ ರೆಕಾರ್ಡ್ ಇತ್ತಲ್ಲ, ಕೇಳಿಕೊಂಡು ಮಾಡಿಕೊಟ್ಟೆ."

"ಎಷ್ಟು ಸಾಲು ಮಾಡಿಕೊಟ್ಟೆ?"

"ನಲವತ್ತೊಂದು."

ಅವಳ ಮುಖ ನೋಡಿದೆ. ಮಗಳ ಮುಖವನ್ನೂ ಹಾಗೆ ನೋಡುವ ಸ್ಥಿತಿ ಬಂತಲ್ಲ ಎಂದು ನನಗೇ ಅಸಹ್ಯವಾಯಿತು. ಅವಳು ಹಾಳೆ ಕಿತ್ತುಕೊಂಡು ಓದಿದಳು. ಹದಿನೇಳನೆಯ ಸಾಲಿನ ಕೆಳಗೆ ಅವಳ ಬೆರಳು ನಿಂತಿತು. ಏನು ಹೋಗಿದೆ ಎಂದು ಅವಳಿಗೆ ವಿವರಿಸಬೇಕಾಗಲಿಲ್ಲ.

ಹೋದ ತಿಂಗಳು ಅಂದರೆ ಗೋಪಾಲಣ್ಣ ಇನ್ನೂ ಆಸ್ಪತ್ರೆಯಲ್ಲಿ ಗಂಜಿ ಕುಡಿಯುತ್ತಿದ್ದರು. ಆಗಲೇ ಮಗ ಅವರ ಪಾಪದ ಪಟ್ಟಿ ತಿದ್ದುತ್ತಾ ಕೂತಿದ್ದ.

"ಏನ್ ಮಾಡ್ತೀರ ಅಪ್ಪಾ?" ಅಂದಳು.

"ನೀನೇ ಹೇಳು. ಪರ್ಮನೆಂಟ್ ಮಾಡ್ತಾನಂತೆ."

"ನನ್ನ ಹೆಸರಲ್ಲಿ ನೀವು ಹೆದರಬೇಡಿ," ಅಂದಳು. ಮತ್ತೆ ಇಸ್ತ್ರಿ ಮಾಡತೊಡಗಿದಳು. ಆದರೆ ಹಾಗೆ ಹೇಳುವ ಮುಂಚೆ ಅವಳು ಒಂದು ಕ್ಷಣ ತಡೆದಿದ್ದಳು. ಆ ಒಂದು ಕ್ಷಣವನ್ನು ನಾನು ಹಿಡಿದುಕೊಂಡೆ. ಮಗಳಿಗೂ ಕೆಲಸ ಬೇಕು, ಬಾಯಿಬಿಟ್ಟು ಹೇಳುತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೆದರಿದವನಿಗೆ ನೆಪ ಹುಡುಕಲು ಹೊತ್ತು ಬೇಕಾಗುವುದಿಲ್ಲ.

ಮಧ್ಯಾಹ್ನ ಹೆಣವನ್ನು ಹಟ್ಟಿಯ ಕೆಳಗಿನ ಬಯಲಿಗೆ ತಂದರು. ಮುನ್ನೂರು ಅಂದಿದ್ದಳು ಪಂಕಜಂ, ಐನೂರಾದರೂ ಇದ್ದರು. ಎಲ್ಲರದೂ ಬಿಳಿ ಬಟ್ಟೆ. ಬಿಳಿ ಸೀಲೆ, ಬಿಳಿ ರುಮಾಲು, ಹೆಂಗಸರದು ಬಿಳಿ ಸೀರೆ. ಬಡಗರ ಸಾವಿನಲ್ಲಿ ಬಡವ ಬಲ್ಲಿದ ಭೇದವಿಲ್ಲ ಎಂದು ಪೇಟೆಯಿಂದ ಬಂದವರು ಫೋಟೋ ತೆಗೆದುಕೊಂಡು ಹೋಗುತ್ತಾರೆ. ನಮಗಲ್ಲವೇ ಗೊತ್ತು, ಬಿಳಿಯಲ್ಲೂ ಎಷ್ಟು ಬಿಳಿ ಅಂತ. ಹೊಸ ಬಿಳಿ ಮಂಚದ ಹತ್ತಿರ ನಿಂತಿತ್ತು. ನೀಲಿ ಹಾಕಿ ಒಗೆದ ಬಿಳಿ ಅದರ ಹಿಂದೆ. ಟೀ ಕಲೆ ಹೋಗದೆ ಹಳದಿಗೆ ತಿರುಗಿದ ಬಿಳಿ ಬಯಲಿನ ಅಂಚಿನಲ್ಲಿತ್ತು, ಪಂಕಜಂ ಅಲ್ಲಿದ್ದಳು. ಯಾರೂ ಅವರನ್ನು ಅಲ್ಲಿಗೆ ಕಳಿಸಿರಲಿಲ್ಲ, ತಾವಾಗಿಯೇ ಹೋಗಿ ನಿಂತಿದ್ದರು.

ಮಂಚದ ತಲೆಯ ಬಳಿ ಗೋಪಾಲಣ್ಣನ ಹೆಂಡತಿ ಕೆಂಪಿ ಅತ್ತಿಗೆ ಕೂತಿದ್ದರು. ಎಂಬತ್ತರ ಹತ್ತಿರದ ಜೀವ. ಗಂಡ ಬದುಕಿದ್ದಾಗ ಅವರು ನಾಲ್ಕು ಜನರ ಮುಂದೆ ಬಾಯಿ ತೆರೆದದ್ದು ನಾನು ನೋಡಿಲ್ಲ. ಅವರ ಪಕ್ಕದಲ್ಲಿ ಪ್ರವೀಣ ಕೈಮುಗಿದು ನಿಂತಿದ್ದ. ಎದುರಿಗೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಫೋನು.

ನಾನು ಶುರು ಮಾಡಿದೆ. ಕೈಯಲ್ಲಿ ಹಾಳೆ ಇತ್ತು, ಕಣ್ಣು ಅದರ ಮೇಲಿತ್ತು, ಆದರೆ ಓದಬೇಕಾಗಿರಲಿಲ್ಲ. ಮಾತು ತಾನಾಗಿ ಬರುತ್ತಿತ್ತು, ಜನರ ಉತ್ತರವೂ ತಾನಾಗಿ ಬರುತ್ತಿತ್ತು.

"ಹಸಿದು ಬಂದವನಿಗೆ ಒಲೆ ಆರಿದೆ ಅಂದಿದ್ದರೆ."

"ಅದೂ ಪಾಪ, ಕಳೆಯಲಿ."

"ಅಣ್ಣತಮ್ಮರ ನಡುವೆ ಚಾಡಿ ಹೇಳಿದ್ದರೆ."

"ಅದೂ ಪಾಪ, ಕಳೆಯಲಿ."

ಮುಂದಿನದಕ್ಕೆ ಬಾಯಿ ತೆರೆದೇಬಿಟ್ಟಿದ್ದೆ. ಇಪ್ಪತ್ತಾರು ವರ್ಷದ ಅಭ್ಯಾಸ, ನಾಲಿಗೆ ಎಲ್ಲೆಯ ಕಡೆಗೇ ಹೊರಟಿತ್ತು. ತಲೆ ಎತ್ತಿದೆ. ಪ್ರವೀಣ ನನ್ನನ್ನೇ ನೋಡುತ್ತಿದ್ದ, ಕೋಪದಿಂದಲ್ಲ, ತನ್ನ ಕೆಲಸದ ಆಳನ್ನು ನೋಡುವ ಹಾಗೆ. ದೂರದಲ್ಲಿ ಪಂಕಜಂ ಕತ್ತು ಉದ್ದ ಮಾಡಿ ನಿಂತಿದ್ದಳು. ನಾನು ಕಣ್ಣು ಕೆಳಗೆ ಹಾಕಿದೆ.

"ಹರಿಯೋ ನೀರಿಗೆ ಉಗುಳಿದ್ದರೆ," ಅಂದೆ.

ನಾನು ಒಂದು ಲೆಕ್ಕ ತಪ್ಪಿದ್ದೆ, ಪ್ರವೀಣನೂ ತಪ್ಪಿದ್ದ. ಒಂದು ಸಾಲು ತೆಗೆದರೆ ಅಷ್ಟು ಜನರಲ್ಲಿ ಯಾರಿಗೆ ತಿಳಿಯುತ್ತದೆ ಎಂದುಕೊಂಡಿದ್ದೆವು. ಆದರೆ ಆ ಪಟ್ಟಿ ನನ್ನೊಬ್ಬನ ಬಾಯಲ್ಲಿ ಇರಲಿಲ್ಲ. ಅಲ್ಲಿದ್ದವರೆಲ್ಲ ತಮ್ಮ ಅಪ್ಪ ಅಮ್ಮ, ಅಣ್ಣ ತಂಗಿ, ಹೋದವರೆಲ್ಲರ ಸಾವಿನಲ್ಲಿ ಅದನ್ನು ಕೇಳುತ್ತಾ ಬೆಳೆದವರು. ಚಾಡಿ ಆದ ಮೇಲೆ ಕಲ್ಲು ಬರಬೇಕು ಎಂದು ಅವರ ಕಿವಿಗೆ ಗೊತ್ತು. ಐನೂರು ಜನ ಕಲ್ಲಿಗಾಗಿ ಉಸಿರು ಎಳೆದುಕೊಂಡಿದ್ದರು, ಬಂದದ್ದು ನೀರು. ಹತ್ತಿಪ್ಪತ್ತು ಬಾಯಿ "ಅದೂ" ಎಂದು ಅಲ್ಲಿಗೇ ನಿಂತವು. ಉಳಿದವರು ಏನೂ ಅನ್ನಲಿಲ್ಲ.

ಆಮೇಲೆ ಒಂದೊಂದೇ ತಲೆ ತಿರುಗಿತು. ಕೆಲವರು ಪಂಕಜಂಳನ್ನು ನೋಡಿದರು, ಕೆಲವರು ಪ್ರವೀಣನನ್ನು, ಕೆಲವರು ಮೇಲೆ ತೋಟದ ಅಂಚಿನಲ್ಲಿ ಬಿದ್ದಿದ್ದ ಕಾಂಕ್ರೀಟ್ ಕಂಬಗಳನ್ನು. ಆ ಸಾಲನ್ನು ಎಂದಿನಂತೆ ಹೇಳಿದ್ದರೆ ಎಂದಿನಂತೆ ಹೋಗುತ್ತಿತ್ತು. ಒಂದು ಗೇಣು ಭೂಮಿ ಇಲ್ಲದೆ ಸತ್ತವರಿಗೂ ಅದನ್ನು ಹೇಳಿದ್ದೆವು, ಯಾರೂ ಯಾರನ್ನೂ ತಿರುಗಿ ನೋಡಿರಲಿಲ್ಲ.

ನಾನು ಮುಂದಿನ ಸಾಲಿಗೆ ಹೋಗಲು ಗಂಟಲು ಸರಿಮಾಡಿಕೊಂಡೆ.

"ಮೋಹನಾ," ಅಂದರು ಕೆಂಪಿ ಅತ್ತಿಗೆ. "ಒಂದು ಬಿಟ್ಟೆ."

"ಇಲ್ಲ ಅತ್ತಿಗೆ, ಹಾಳೆಯಲ್ಲಿ ಇರೋದನ್ನೇ ಹೇಳ್ತಾ ಇದ್ದೀನಿ."

ಈ ಮಾತನ್ನು ನಾನು ನಿಜವಾಗಿಯೂ ಆಡಿದೆ. ಇವತ್ತಿಗೂ ನೆನಪಾದರೆ ಒಬ್ಬನೇ ಇದ್ದಾಗಲೂ ಮುಖ ಬಿಸಿಯಾಗುತ್ತದೆ.

"ಸತ್ತಿರೋದು ಹಾಳೆಯಲ್ಲ, ನನ್ನ ಗಂಡ," ಅಂದರು. ಮಂಚದ ಕಾಲು ಹಿಡಿದುಕೊಂಡು ಎದ್ದರು. ಪ್ರವೀಣ ಅವರ ತೋಳು ಹಿಡಿದ.

"ಅಮ್ಮಾ, ಕೂತ್ಕೊಳ್ಳಿ. ಎಲ್ಲರೂ ಲೈವ್ ನೋಡ್ತಿದ್ದಾರೆ."

"ನೋಡಲಿ. ಉಳಿದ ಪಾಪ ಎಲ್ಲ ಕಳೆದು, ಮಾಡಿದ ಪಾಪ ಒಂದನ್ನೇ ಹೊತ್ತುಕೊಂಡು ನಿಮ್ಮಪ್ಪ ನೂಲಿನ ಮೇಲೆ ಕಾಲಿಡಬೇಕಾ? ಅವರಿಗೆ ಹೊರಿಸಿ ಕಳಿಸ್ತೀಯಾ? ಕಲ್ಲು ಹೊತ್ತ ರಾತ್ರಿ ಜೊತೆಗಿದ್ದವನು ನೀನು."

ಪ್ರವೀಣನ ಕೈ ತಾನಾಗಿ ಸಡಿಲವಾಯಿತು. ಅಪ್ಪನ ಹೆಸರು ಕಾಯಲು ಹೊರಟವನಿಗೆ ಅಮ್ಮನ ಭಯ ಏನೆಂದು ತಿಳಿದೇ ಇರಲಿಲ್ಲ. ಅವನ ಪಾಲಿಗೆ ಅದು ಅವಮಾನದ ಪಟ್ಟಿ. ಅವರ ಪಾಲಿಗೆ ಅದು ಗಂಡನ ದಾರಿಖರ್ಚು.

"ಹೇಳು ಮೋಹನಾ," ಅಂದರು.

ಹೇಳಿದೆ. ಗಟ್ಟಿಯಾಗಿ ಹೇಳಿದೆನೋ ಮೆಲ್ಲಗೆ ಹೇಳಿದೆನೋ ನೆನಪಿಲ್ಲ. "ಎಲ್ಲೆಯ ಕಲ್ಲು ಕಿತ್ತು ಸರಿಸಿದ್ದರೆ." ಐನೂರು ಜನ ಒಟ್ಟಿಗೆ "ಅದೂ ಪಾಪ, ಕಳೆಯಲಿ" ಅಂದರು. ನನ್ನ ಕಾಲಡಿ ನೆಲ ಗುಂಯ್ ಅಂದದ್ದು ಗೊತ್ತಾಯಿತು. ಅತ್ತಿಗೆ ಮಾತ್ರ ಕೂರಲಿಲ್ಲ. ಬಯಲಿನ ಅಂಚಿನ ಕಡೆಗೇ ನೋಡುತ್ತಿದ್ದರು.

"ಪಂಕಜಂ, ನೀನು ಅನ್ನಲಿಲ್ಲ."

ಜನ ದಾರಿ ಬಿಟ್ಟರು. ಪಂಕಜಂ ನಾಲ್ಕು ಹೆಜ್ಜೆ ಮುಂದೆ ಬಂದಳು. ಅಳುತ್ತಿರಲಿಲ್ಲ.

"ಅಕ್ಕಾ, ಕಲ್ಲು ಮೊದಲು ಎಲ್ಲಿತ್ತು ಅಂತ ನೀವು ಹೇಳಿ. ಆಮೇಲೆ ಅಂತೀನಿ."

"ಒರತೆಯ ಮೇಲೆ. ನೇರಳೆ ಮರದ ಬುಡದಿಂದ ಹನ್ನೆರಡು ಹೆಜ್ಜೆ ಮೇಲೆ. ಒರತೆ ನಿನ್ನದು."

ಪಂಕಜಂ ಮಂಚದ ಮೇಲಿದ್ದವರನ್ನು ಒಂದಷ್ಟು ಹೊತ್ತು ನೋಡಿದಳು. ಐನೂರು ಜನ, ಶಾಲೆ ನಡೆಸುವ ಮಗ, ಫೋನಿನಾಚೆ ಎಷ್ಟು ಜನವೋ, ಎಲ್ಲರೂ ಹಳದಿಗೆ ತಿರುಗಿದ ಸೀರೆಯ ಒಬ್ಬ ಹೆಂಗಸು ಬಾಯಿ ತೆರೆಯಲಿ ಎಂದು ಕಾಯುತ್ತಿದ್ದರು.

"ಅದೂ ಪಾಪ," ಅಂದಳು. "ಕಳೆಯಲಿ."

ಕೆಂಪಿ ಅತ್ತಿಗೆ ಅಲ್ಲೇ ಕುಸಿದು ಕೂತು ಮೊದಲ ಸಲ ಅತ್ತರು. ಉಳಿದದ್ದನ್ನು ನಾನು ಹೇಳಿ ಮುಗಿಸಿದೆ.

ಮೂರನೆಯ ದಿನ ಅತ್ತಿಗೆಯೇ ಕೋಲು ಊರಿಕೊಂಡು ಹೋಗಿ ನಿಂತು, ಹಟ್ಟಿಯ ಹಿರಿಯರ ಎದುರು ಕಲ್ಲನ್ನು ಹಳೆಯ ಜಾಗದಲ್ಲಿ ನೆಡಿಸಿದರು. ಕಪ್ಪು ಪೈಪನ್ನು ಕತ್ತರಿಸಿದ್ದಾಯಿತು. ಕಾಟೇಜಿಗೆ ಈಗ ಲಾರಿಯಲ್ಲಿ ನೀರು ಬರುತ್ತದೆ. ಅನುಮಾನದ ಮನುಷ್ಯ ನಾನು, ರಾತ್ರೋರಾತ್ರಿ ಕಲ್ಲು ಮತ್ತೆ ಇಳಿದುಬಿಡಬಹುದು ಎಂದು ಒಂದು ವಾರ ಬೆಳಗ್ಗೆ ಎದ್ದು ಹೋಗಿ ನೋಡಿ ಬಂದೆ. ಇಳಿದಿರಲಿಲ್ಲ.

ಜನನಿಯ ಕೆಲಸ ಹೋಗುತ್ತದೆ ಎಂದುಕೊಂಡಿದ್ದೆ. ಹೋಗಿದ್ದರೆ ಚೆನ್ನಾಗಿತ್ತು. ಜೂನ್ ಮೊದಲ ವಾರ ಶಾಲೆಯಿಂದ ಆರ್ಡರ್ ಬಂತು, ಪರ್ಮನೆಂಟ್. ಅಂಚೆಯಲ್ಲಿ ಕಳಿಸಬಹುದಿತ್ತು. ಪ್ರವೀಣ ತಾನೇ ತಂದು, ಹಟ್ಟಿಯ ಜನ ಕಟ್ಟೆಯ ಮೇಲೆ ಕೂತಿರುವ ಹೊತ್ತು ನೋಡಿ, ಕಾರು ನಿಲ್ಲಿಸಿ, ಅವರೆಲ್ಲರ ಎದುರು ನನ್ನ ಕೈಗೆ ಕೊಟ್ಟ.

"ನೀವು ನಿಮ್ಮ ಮಾತು ಉಳಿಸಿಕೊಂಡಿರಿ ಚಿಕ್ಕಪ್ಪಾ. ನಾನೂ ಉಳಿಸಿಕೊಳ್ಳಬೇಕಲ್ಲ," ಅಂದ.

ನಾನು ಅವನಿಗೆ ಮಾತೇ ಕೊಟ್ಟಿರಲಿಲ್ಲ. ಆದರೆ ಇದನ್ನು ಯಾರಿಗೆ ಹೇಳಲಿ? ಹಾಳೆ ಹಿಡಿದು ಓದಿದವನು ನಾನೇ. ಕಟ್ಟೆಯ ಮೇಲಿದ್ದವರು ಕಾರನ್ನು ನೋಡಿದರು, ನನ್ನ ಕೈಯಲ್ಲಿದ್ದ ಲಕೋಟೆಯನ್ನು ನೋಡಿದರು. ಜನನಿ ಎರಡು ದಿನ ಲಕೋಟೆ ಒಡೆಯಲಿಲ್ಲ. ಮೂರನೆಯ ದಿನ ಒಡೆದು ಸಹಿ ಹಾಕಿದಳು. ಮನೆಗೆ ಸಂಬಳ ಬೇಕಿತ್ತು.

ಪಂಕಜಂ ಸಿಕ್ಕಿದ್ದು ಅದಾದ ಮೇಲೆ. ತನಗೆ ಮರಳಿ ಬಂದ ಸಾಲುಗಳಲ್ಲಿ ಟೀ ಎಲೆ ಕೀಳುತ್ತಿದ್ದಳು. ನಾನು ಮೇಲಿನ ದಾರಿಯಲ್ಲಿ ಹೋಗುತ್ತಿದ್ದೆ. ಕಂಡೂ ಕಾಣದ ಹಾಗೆ ದಾಟೋಣ ಎಂದುಕೊಂಡೆ, ಅವಳೇ ಕರೆದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ತಿರುಗಿ ಬೈಯಲು ನನಗೆ ಬರುತ್ತದೆ.

"ಭಾವಾ, ಒರತೆ ನೀರು ಕುಡಿದು ಹೋಗಿ," ಅಂದಳು. ತಾನೇ ಚೊಂಬಿನಲ್ಲಿ ತಂದುಕೊಟ್ಟಳು. ಕುಡಿದೆ. ಚೊಂಬು ವಾಪಸು ತಗೊಂಡು, ಸೆರಗಿನಲ್ಲಿ ಕೈ ಒರೆಸಿಕೊಂಡು, ಮೆತ್ತಗೆ ಹೇಳಿದಳು:

"ನಿಮ್ಮ ಹತ್ತಿರ ಒಂದು ಮಾತು ಮೊದಲೇ ಹೇಳಿಬಿಡಬೇಕು, ಆಮೇಲೆ ತಪ್ಪು ತಿಳಿಯಬಾರದು. ನಾನು ಸತ್ತರೆ ಪಾಪ ಹೇಳೋಕೆ ನೀವು ಬರಬೇಡಿ. ತೊರೆಯಾಚೆ ಹಟ್ಟಿ ಬೀರಣ್ಣನಿಗೆ ಹೇಳಿಟ್ಟಿದ್ದೀನಿ."

"ಯಾಕೆ ಪಂಕಜಂ? ಕೊನೆಗೆ ಹೇಳಿದೆನಲ್ಲ."

"ಹೇಳಿದಿರಿ. ಗೋಪಾಲಣ್ಣನಿಗೆ ಕೆಂಪಿ ಅಕ್ಕ ಇದ್ದರು, ಎದ್ದು ನಿಂತರು. ನನಗೆ ಯಾರಿದ್ದಾರೆ? ನೀವು ಒಂದು ಬಿಟ್ಟರೆ ಬಿಟ್ಟ ಹಾಗೇ ಹೋಗುತ್ತೆ."

ಅದರಲ್ಲಿ ಸಿಟ್ಟಿರಲಿಲ್ಲ. ಇವತ್ತು ಎಲೆ ತೂಕ ಬೇಗ ಮುಗಿಯುತ್ತೆ ಅನ್ನುವ ಹಾಗೆ ಹೇಳಿ, ಬುಟ್ಟಿ ಬೆನ್ನಿಗೇರಿಸಿಕೊಂಡು ಸಾಲಿನೊಳಗೆ ಹೋದಳು.

ಆಮೇಲಿನ ಚಳಿಗಾಲದಲ್ಲಿ ನಮ್ಮ ಹಟ್ಟಿಯಲ್ಲಿ ಮೂರು ಸಾವಾಯಿತು. ಮೂರಕ್ಕೂ ತೊರೆಯಾಚೆಯಿಂದ ಬೀರನನ್ನೇ ಕರೆಸಿದರು. ಅವನಿಗೆ ನಮ್ಮಪ್ಪನ ಕ್ರಮ ಪೂರ್ತಿ ಬರುವುದಿಲ್ಲ, ಅಲ್ಲಲ್ಲಿ ತಡವರಿಸುತ್ತಾನೆ. ನಾನು ಅಂಚಿನಲ್ಲಿ ನಿಂತು, ಉಳಿದವರ ಜೊತೆ ಅದೂ ಪಾಪ, ಕಳೆಯಲಿ ಅನ್ನುತ್ತೇನೆ.